ಔಷಧ ಇಲ್ಲದ ಸೂಜಿ

ಸೂಜಿಯಿಂದ ನನಗೇನೂ ಆಗಿರಲಿಲ್ಲ. ಆಗಿದೆ ಎಂದು ನಾನು ಸುಳ್ಳು ಹೇಳಿದೆ. ಅದರಿಂದ ಒಬ್ಬ ಒಳ್ಳೆಯ ಹೆಣ್ಣುಮಗಳು ಹುನಗುಂದದಲ್ಲಿ ಗಳಿಸಿದ್ದ ಹೆಸರು ಹಾಳಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ.

ಆಕೆಯ ಎಡಗೈ ತೋರುಬೆರಳಿನ ತುದಿ ಚಪ್ಪಟೆಯಾಗಿತ್ತು. ಉಗುರನ್ನು ಮಾಂಸಕ್ಕೆ ಹತ್ತುವಂತೆ ಕತ್ತರಿಸಿಕೊಂಡಿರುತ್ತಿದ್ದಳು. ಆ ಬೆರಳನ್ನು ಬೆನ್ನ ಮೇಲೆ ಮೆಲ್ಲಗೆ ಸರಿಸುತ್ತ ಹೋಗಿ ಒಂದು ಕಡೆ ನಿಲ್ಲಿಸಿ ಒತ್ತಿದಳೆಂದರೆ ಜೀವ ಹೋದಂತಾಗುತ್ತಿತ್ತು. ನಾನು ತೋರಿಸಿದ ಜಾಗ ಬೇರೆ, ಆಕೆ ಒತ್ತಿದ ಜಾಗ ಬೇರೆ. ನೋವು ಇದ್ದದ್ದು ಆಕೆ ಒತ್ತಿದಲ್ಲೇ.

ಜನ ಆಕೆಯನ್ನು ಸೂಜಿ ಡಾಕ್ಟರ್‌ಬಾಯಿ ಎನ್ನುತ್ತಿದ್ದರು. "ನಾ ಡಾಕ್ಟರ್ ಅಲ್ರಿ, ಫಿಜಿಯೋ" ಎಂದು ಹೇಳಿ ಹೇಳಿ ಬೇಸತ್ತು ಬಿಟ್ಟಿದ್ದಳು. ಬೇವೂರಿನವಳು. ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಆಕೆಯ ದವಾಖಾನೆ. ನಾನು ಕಮತಗಿಯಲ್ಲಿ ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುವವಳು. ಬಡಿದು ಬಡಿದು ಬಲ ಹೆಗಲು ಕಲ್ಲಾಗಿತ್ತು. ಕೈ ಎತ್ತಿ ತಲೆ ಬಾಚಿಕೊಳ್ಳಲೂ ಆಗದೆ ಸೊಸೆಯೇ ತುರುಬು ಕಟ್ಟುತ್ತಿದ್ದಳು. ಕಡೆಗೆ ಮಗ ಹುನಗುಂದಕ್ಕೆ ಕರೆದೊಯ್ದ.

ಆಕೆ ತೆಗೆದ ಸೂಜಿ ಕೂದಲಿನಷ್ಟು ಸಣ್ಣದು.

"ಇದರಾಗ ಔಷಧ ಎಲ್ಲೈತಿ?" ಎಂದೆ.

"ಔಷಧ ಇಲ್ರಿ ಆಯಿ, ಬರೇ ಸೂಜಿ. ಒಳಗ ಮಾಂಸ ಗಂಟ ಕಟ್ಟೈತಿ. ಅದನ್ನ ಚುಚ್ಚಿ ಸಡ್ಲ ಮಾಡೂದು."

"ಬರೇ ಸೂಜಿ ಚುಚ್ಚಾಕ ನಾ ಏನ ಕೌದಿ ಏನವಾ?"

ಆಕೆ ನಕ್ಕಳು. ಗಂಟು ಎಲ್ಲಿದೆ ಎಂದು ಹೇಗೆ ತಿಳಿಯಿತು ಎಂದು ಕೇಳಿದೆ. "ನಮ್ಮಪ್ಪ ಕುರಿ ಕಾಯಾಂವ್ರಿ. ಕುರಿ ಬೆನ್ನ ಒತ್ತಿ ಎಲ್ಲಿ ನೋವೈತಿ ಹೇಳ್ತಿದ್ದ. ನಾ ಕಾಲೇಜಿಗಿ ಹೋಗೂಕಿಂತ ಮೊದ್ಲ ಅವನ ಕಡೆ ಕಲ್ತೇನಿ."

"ಅಂದ್ರ ನಾ ಕುರಿ?"

"ಕುರಿ ಆಗಿದ್ರ ಇಷ್ಟೊತ್ತಿಗಿ ಸುಮ್ನ ಮಲಗ್ತಿತ್ತು."

ಸೂಜಿ ಹೋದದ್ದು ಇರುವೆ ಕಚ್ಚಿದಷ್ಟೇ. ಆಮೇಲೆ ಒಳಗಿನ ಮಾಂಸ ತಾನೇ ಒಮ್ಮೆ ಚಕ್ಕನೆ ಹಾರಿತು. "ಹಾಂ, ಸಿಕ್ತು" ಎಂದಳು. ಹೀಗೆ ಏಳೆಂಟು ಕಡೆ. ಮುಗಿದ ಮೇಲೆ ಹೇಳಿದಳು: "ಎರಡ್ಮೂರು ದಿನ ಕುಟ್ಟಿದಂಗ ನೋಯ್ತೈತ್ರಿ. ಬಿಸಿನೀರಾಗ ಬಟ್ಟಿ ಹಿಂಡಿ ಇಟ್ಕೋರಿ. ಬ್ಯಾರೆ ಏನೂ ಮಾಡಬ್ಯಾಡ್ರಿ. ತಡ್ಯಾಕ ಆಗ್ಲಿಲ್ಲಂದ್ರ ನನಗ ಬೈಕೋತನರ ಫೋನ್ ಮಾಡ್ರಿ. ಆದ್ರ ಮಾಡ್ರಿ." ಬಂದವರಿಗೆಲ್ಲ ಇದೇ ಮಾತು ಹೇಳುತ್ತಿದ್ದಳಂತೆ.

ನಾನು ಫೋನ್ ಮಾಡಲಿಲ್ಲ. ಮೂರನೆಯ ದಿನ ಹಿಂದಿನ ಓಣಿಯ ಮುದುಕಿಯ ಹತ್ತಿರ ಹೋದೆ. ಕುಡಗೋಲಿನ ತುದಿ ಕಾಯಿಸಿ ಬರೆ ಹಾಕುವ ಕೈ ಅದು. ಸೂಜಿ ಅರ್ಧ ಬಿಡಿಸಿದೆ, ಉಳಿದದ್ದನ್ನು ಬೆಂಕಿ ಬಿಡಿಸಲಿ ಎಂಬುದು ನನ್ನ ಲೆಕ್ಕ. ಹೆಗಲ ಮೇಲೆ ಮೂರು ಬರೆ ಹಾಕಿಸಿಕೊಂಡು ಬಂದೆ.

ವಾರದೊಳಗೆ ಕೀವಾಗಿ ಕುಪ್ಪಸ ಮೈಗೆ ಅಂಟಿತು. "ಏನಾತ್ರೀ ಅತ್ತಿ?" ಎಂದು ಸೊಸೆ ಕೇಳಿದಳು. ನಾನು ಬಿಚ್ಚಿ ನೋಡಗೊಡಲಿಲ್ಲ. ಹಿಂದೊಮ್ಮೆ ಮೊಮ್ಮಗನ ಹೊಟ್ಟೆನೋವಿಗೆ ನಾನೇ ಬರೆ ಹಾಕಿಸಿ ಕೂಸು ದವಾಖಾನೆ ಸೇರಿತ್ತು. ಆಗ ಮಗ ಕೂಸಿನ ತಲೆಯ ಮೇಲೆ ನನ್ನ ಕೈ ಇರಿಸಿ, "ಇನ್ನ ಈ ಮನ್ಯಾಗ ಬರಿ ಅಂದ್ರ ನಾ ನಿನ್ನ ಮಗಾ ಅಲ್ಲ" ಎಂದು ಆಣೆ ಮಾಡಿಸಿದ್ದ. ಅದು ನೆನಪಾಗಿ, "ಸೂಜಿ ಹಾಕಿದ್ದು ಕೀವಾತು" ಎಂದುಬಿಟ್ಟೆ.

ಮಗ ಅಂದೇ ನನ್ನನ್ನು ಎಳೆದುಕೊಂಡು ಹುನಗುಂದಕ್ಕೆ ಹೋದ. ಮೆಟ್ಟಿಲಿನಿಂದಲೇ ಒದರಲು ಶುರುಮಾಡಿದ. ಆರೇಳು ಜನ ಕೂತಿದ್ದರು. ಡಾಕ್ಟರ್‌ಬಾಯಿ ನನ್ನನ್ನು ಪರದೆಯ ಹಿಂದೆ ಕರೆದೊಯ್ದು ಹೆಗಲು ನೋಡಿದಳು. ಗಾಯ ತೊಳೆದಳು. ಆಮೇಲೆ ಕಿವಿಯ ಹತ್ತಿರ ಬಂದು, "ಇದು ಬರಿ, ಆಯಿ. ನೀವ ಹೇಳ್ರಿ ಮಗಗ" ಎಂದಳು.

ನಾನು ಕುಪ್ಪಸ ಏರಿಸಿಕೊಂಡು ಸೆರಗು ಹೊದ್ದು ಹೊರಗೆ ಬಂದೆ.

ಆಕೆ ಹಿಂದೆಯೇ ಬಂದು, "ಇದು ಸೂಜಿ ಗಾಯ ಅಲ್ರಿ" ಎಂದಳು.

"ಹಂಗಾರ ನಮ್ಮವ್ವ ಸುಳ್ಳ ಹೇಳ್ತಾಳೇನು?"

ಕೂತವರೆಲ್ಲ ನನ್ನ ಮುಖ ನೋಡಿದರು. ಗೋಡೆಯ ಮೇಲೆ ಚರ್ಮ ಸುಲಿದ ಮನುಷ್ಯನ ಚಿತ್ರವಿತ್ತು. ನಾನು ಅದನ್ನೇ ನೋಡುತ್ತ ನಿಂತೆ. ಆಕೆ ಕಾದಳು. ಬರೆ ಎಂಬ ಮಾತನ್ನು ತಾನಾಗಿ ಹೊರಗೆ ಆಡಲಿಲ್ಲ. ಇಬ್ಬರು ಹೆಂಗಸರು ಎದ್ದು ಮೆಟ್ಟಿಲಿಳಿದು ಹೋದರು. ಆಕೆ ಚೀಟಿ ಬರೆದು, ಪಟ್ಟಿ ಕಟ್ಟಿಸಿಕೊಳ್ಳಲು ಸರಕಾರಿ ದವಾಖಾನೆಗೆ ಕಳಿಸಿದಳು.

ಸೂಜಿ ಹಾಕಿ ರೊಟ್ಟಿ ಮಾಡುವ ಮುದುಕಿಯ ಬೆನ್ನು ಕೊಳೆಸಿದಳು ಎಂದು ಊರೂರಿಗೆ ಸುದ್ದಿಯಾಯಿತು. ರೊಟ್ಟಿ ಕೊಡಲು ಹೋದಲ್ಲೆಲ್ಲ, "ಖರೇನ ಏನಬೇ?" ಎಂದು ಕೇಳುತ್ತಿದ್ದರು. ನಾನು "ಹೂಂ" ಎನ್ನುತ್ತಿದ್ದೆ. ಮೊದಲನೆಯ ಸುಳ್ಳು ಹೆದರಿಕೆಯದು ಎನ್ನಬಹುದು. ಈ ಹೂಂಗಳಿಗೆ ಯಾವ ನೆಪವೂ ಇಲ್ಲ.

ಎರಡು ತಿಂಗಳಿಗೆ ಗಾಯ ಒಣಗಿತು. ಒಂದು ದಿನ ಗೋಡೆಯ ಎತ್ತರದ ಮಾಡದಿಂದ ಡಬ್ಬಿ ತೆಗೆದೆ. ತೆಗೆದ ಮೇಲೆ ತಿಳಿಯಿತು, ತೆಗೆದದ್ದು ಬಲಗೈ. ಮಧ್ಯಾಹ್ನದ ಬಸ್ಸಿಗೆ ಒಬ್ಬಳೇ ಹುನಗುಂದಕ್ಕೆ ಹೋದೆ.

ಆಕೆ ಚೀಲ ಕಟ್ಟುತ್ತಿದ್ದಳು. ಚಿತ್ರ ಗೋಡೆಯಿಂದ ಇಳಿದಿತ್ತು.

"ಎಲ್ಲಿಗವಾ?"

"ಬಾಗಲಕೋಟಿಗ್ರಿ. ಇಲ್ಲಿ ಬರೋರ ಇಲ್ಲ. ಅಲ್ಲಿ ಯಾರದರ ಕೈಯಾಗ ಕೆಲಸ ಮಾಡ್ತೇನಿ." ನಾನು ತಪ್ಪಾಯಿತು ಎನ್ನುವುದರೊಳಗೆ ಹತ್ತಿರ ಬಂದಳು. "ಎಲ್ಲಿ, ಕೈ ಎತ್ರಿ ನೋಡೂನು."

ಎತ್ತಿದೆ.

"ಇನ್ನೂ ಮ್ಯಾಲ. ಇನ್ನೂ..." ಕೈ ಕಿವಿಗೆ ತಾಗಿತು. ಆಕೆ ಚಪ್ಪಾಳೆ ತಟ್ಟಿ, "ಆತಲ್ರಿ ಆಯಿ!" ಎಂದಳು. ನನ್ನ ಕೈ ನೆಟ್ಟಗಾದದ್ದಕ್ಕೆ ಆಕೆಗೆ ಖರೆ ಖುಷಿ. ಸಿಟ್ಟಾಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನೇನೋ. ಚೀಲಕ್ಕೆ ಹಗ್ಗ ಬಿಗಿಯಲು ಒಂದು ತುದಿ ಹಿಡಿದುಕೊಟ್ಟು, ಸಂಜೆಯ ಬಸ್ಸಿಗೆ ಬಂದೆ.

ಮರುದಿನ ಬೆಳಿಗ್ಗೆ ಮಗ ಚಹಾ ಕುಡಿಯುತ್ತಿದ್ದ. ಅವನ ಎದುರು ಬೆನ್ನು ತಿರುಗಿಸಿ ಕುಪ್ಪಸ ಜಾರಿಸಿದೆ.

"ಯವ್ವಾ, ಏನ ಮಾಡಾಕತ್ತಿ!" ಎಂದು ಮುಖ ತಿರುಗಿಸಿದ.

"ನೋಡ. ಮೂರು ಗೆರಿ ಅದಾವು. ಸೂಜಿ ಹಿಂಗ ಗೆರಿ ಎಳೀತೈತೇನು?"

ಅವನು ನೋಡಿದ. ಚಹಾ ಕೆಳಗಿಟ್ಟು, "ಆ ಡಾಕ್ಟರ್‌ಬಾಯಿಗಿ ಗೊತ್ತಿತ್ತ?" ಎಂದ.

"ಅವತ್ತ ಗೊತ್ತಿತ್ತು."

ಅವನು ಎದ್ದು ಹೊರಗೆ ಹೋದ. ನಾನು ಬುಟ್ಟಿ ಹೊತ್ತು ಖಾನಾವಳಿಗಳಿಗೆ ಹೋದೆ. ರೊಟ್ಟಿ ಇಳಿಸುವ ಮೊದಲು ಒಂದೊಂದು ಬಾಗಿಲಲ್ಲೂ ನಿಂತು, ಬರೆ ಹಾಕಿಸಿಕೊಂಡು ತಪ್ಪನ್ನು ಸೂಜಿಯ ಮೇಲೆ ಹಾಕಿದ್ದೆ ಎಂದು ಹೇಳಿದೆ. ಒಬ್ಬ ಮಾಲೀಕ, "ಆಕಿ ಊರ ಬಿಟ್ಟ ಮ್ಯಾಲ ಹೇಳಿದ್ರ ಏನ ಬಂತಬೇ?" ಎಂದ.

"ಏನೂ ಬರೂದಿಲ್ಲ" ಎಂದು ಹೇಳಿ, ಮುಂದಿನ ಬಾಗಿಲಿಗೆ ನಡೆದೆ.