ತಲೆಯ ಮೇಲಿನ ರಾಜಾಜ್ಞೆ

ನಮ್ಮ ಕಣಿವೆಯ ಗವರ್ನರ್ ದೋನ್ ಮೆಲ್ಚೋರ್ ಅಂಜುಬುರುಕರು. ನಮ್ಮನ್ನಾಳುವ ಕಡಲಾಚೆಯ ಸ್ಪೇನಿನ ರಾಜನ ಹೆಸರು ಕಿವಿಗೆ ಬಿದ್ದರೆ ಊಟದ ನಡುವೆಯೂ ಎದ್ದು ನಿಲ್ಲುತ್ತಿದ್ದರು. ಅರಮನೆಯ ಅಪ್ಪಣೆಯನ್ನು ಒಮ್ಮೆಯೂ ಮೀರಿದವರಲ್ಲ.

ಆ ವರ್ಷ ನೇಕಾರರ ಹಳ್ಳಿಯ ಗಂಡಸರನ್ನೆಲ್ಲ ಬೆಳ್ಳಿ ಗಣಿಗೆ ಕಳಿಸಬೇಕೆಂದು ರಾಜಾಜ್ಞೆ ಬಂತು. ಗವರ್ನರರ ಗುಮಾಸ್ತ ಅದನ್ನು ಊರ ಚೌಕದಲ್ಲಿ, ಅವರ ಎದುರಿಗೇ ಓದಿದ. ಹಳ್ಳಿಯ ಮುಖಂಡ ಲೊರೆನ್ಸೊ ಮಾಮಾನಿ ಮುಂದೆ ಬಂದ.

"ಕಳಿಸೋಣ ಬುದ್ಧಿ. ಹೋದ ಸಲ ಹೋದವರು ಇನ್ನೂ ಬಂದಿಲ್ಲ, ದಾರಿ ಮರೆತಿರಬೇಕು. ಮೊದಲು ಅವರನ್ನ ಕರೆಸಿಬಿಡಿ."

"ನಾಲಿಗೆ ಉದ್ದ ಆಯ್ತು ನಿಂದು!" ಎಂದು ಗುಮಾಸ್ತ ಗದರಿದ.

ಮೆಲ್ಚೋರ್ ವಾಡಿಕೆಯಂತೆ ಆಜ್ಞೆಯ ಕಾಗದಕ್ಕೆ ಮುತ್ತಿಟ್ಟು ತಲೆಯ ಮೇಲಿಟ್ಟುಕೊಂಡರು. ಇಂಥ ಹೊತ್ತಿನಲ್ಲಿ, ರಾಜನನ್ನು ಧಿಕ್ಕರಿಸದೆಯೇ ಆಜ್ಞೆಯನ್ನು ತಡೆಹಿಡಿಯಲು, ಗವರ್ನರ್ ಆದವರು ಆಡಬಹುದಾದ ಹಳೆಯ ಮಾತೊಂದಿತ್ತು. ಆಡಿದವರ ಹುದ್ದೆ ಉಳಿಯುವುದು ಕಷ್ಟ. ನಮ್ಮ ಊರಲ್ಲಿ ಅದನ್ನು ಯಾರೂ ಕೇಳಿರಲಿಲ್ಲ.

"ರಾಜರ ಅಪ್ಪಣೆಗೆ ತಲೆ ಬಾಗ್ತೀನಿ. ಆದ್ರೆ ಜಾರಿ ಮಾಡೋಲ್ಲ."

ಮೆಲ್ಚೋರ್ ಗುಮಾಸ್ತನ ಕಡೆ ತಿರುಗಿದರು.

"ಬರ್ಕೊಳ್ಳಯ್ಯ," ಎಂದರು.

"ಬುದ್ಧಿ, ಇದನ್ನ ನಾನು ಹೆಂಗೆ ಬರೀಲಿ? ನಂಗೂ ಹೆಂಡ್ತಿ ಮಕ್ಕಳಿದಾರೆ."

ಮೆಲ್ಚೋರ್ ಅವನ ಕೈಯಿಂದ ಲೇಖನಿ ತೆಗೆದುಕೊಂಡು, ಆಡಿದ ಮಾತನ್ನು ತಾವೇ ಬರೆದು, ಕೆಳಗೆ ತಮ್ಮ ಪೂರ್ತಿ ಹೆಸರನ್ನು ಹಾಕಿದರು.