ಬೀಳಲು ಬಾರದವಳು

ಆ ದಿನ ಬೆಳಗ್ಗೆಯಿಂದ ನಾನು ಬೀಳುತ್ತಲೇ ಇದ್ದೆ. ನಿಟ್ಟೂರಿನಿಂದ ಸ್ವಲ್ಪ ಆಚೆ ಒಂದು ಕೆಮ್ಮಣ್ಣಿನ ಇಳಿಜಾರು. ಶೂಟಿಂಗಿಗೆಂದು ಟ್ಯಾಂಕರಿನಿಂದ ನೀರು ಹೊಡೆಸಿ ಅದನ್ನು ಕೆಸರು ಮಾಡಿದ್ದರು. ಶಾಲೆಗೆ ಹೋದ ಮಗಳು ಮನೆಗೆ ಬಂದಿಲ್ಲ ಎಂದು ಗೊತ್ತಾದ ತಾಯಿ ಅಲ್ಲಿಂದ ಓಡಿ ಬರಬೇಕು, ಜಾರಿ ಬೀಳಬೇಕು, ಎದ್ದು ಮತ್ತೆ ಓಡಬೇಕು. ಒಂದು ಮಾತೂ ಇಲ್ಲ. ಇಷ್ಟೇ ಕೆಲಸ. ಈ ‘ಇಷ್ಟೇ’ ನನ್ನ ಕೈಲಿ ಆಗುತ್ತಿರಲಿಲ್ಲ.

“ಮೇಡಂ, ನೀವು ಬೀಳ್ತಾ ಇಲ್ಲ, ಇಳೀತಾ ಇದೀರಿ,” ಎಂದರು ನಿರ್ದೇಶಕರು. “ತುಂಬಾ ಚೆನ್ನಾಗಿದೆ. ನನಗೆ ಚೆನ್ನಾಗಿರೋದು ಬೇಡ.”

ಸಿಟ್ಟು ನೆತ್ತಿಗೇರಿತು. ಮಂಡಿಯೆಲ್ಲ ಕೆಸರು, ಸೀರೆ ಒದ್ದೆ, ಇನ್ನೂ ಹೇಗಪ್ಪಾ ಬೀಳಬೇಕು? ಆದರೆ ಅವರು ಹೇಳಿದ್ದು ನಿಜ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಾನು ಬ್ಯಾಲೆ ಕುಣಿಯುತ್ತಿದ್ದವಳು. ಸಾಗರದಲ್ಲಿ ಭರತನಾಟ್ಯದ ಕ್ಲಾಸಿಗೆ ಹೋಗುತ್ತಿದ್ದ ಹುಡುಗಿ ಹೇಗೋ ಬೆಂಗಳೂರಿನ ಬ್ಯಾಲೆ ಶಾಲೆ ಸೇರಿ, ಕಾಲ್ಬೆರಳ ತುದಿಯಲ್ಲಿ ನಿಲ್ಲುವುದನ್ನೇ ಬದುಕು ಮಾಡಿಕೊಂಡಿದ್ದೆ. ಅಲ್ಲಿನ ಗುರುಗಳು ನಮ್ಮ ನೆಗೆತವನ್ನು ನೋಡುತ್ತಿರಲಿಲ್ಲ, ಬೆನ್ನು ತಿರುಗಿಸಿ ನಿಂತು ಕೇಳುತ್ತಿದ್ದರು. ನೆಲಕ್ಕೆ ಬಂದಾಗ ಹಲಗೆ ಸದ್ದು ಮಾಡಿದರೆ “ಮತ್ತೆ” ಎನ್ನುತ್ತಿದ್ದರು. ಆಮೇಲೆ ತಂಡದಲ್ಲಿ ಕುಣಿದಷ್ಟು ವರ್ಷವೂ ನಾನು ಸದ್ದು ಮಾಡಲಿಲ್ಲ, ನೋವನ್ನು ಮುಖದಲ್ಲಿ ತೋರಿಸಲಿಲ್ಲ. ಕೊನೆಗೆ ಹಿಮ್ಮಡಿಯೇ ಕೈಕೊಟ್ಟಿತು. ತಂಡದವರು ಶಾಲು ಹೊದೆಸಿ ಕಳಿಸಿಕೊಟ್ಟರು. ಸಿನಿಮಾಗಳಲ್ಲಿ ನಾದಿನಿಯಾಗಿ, ನರ್ಸಾಗಿ ಮುಖ ತೋರಿಸಿ ಹೋಗುತ್ತಿದ್ದವಳಿಗೆ ಸಿಕ್ಕ ಮೊದಲ ದೊಡ್ಡ ಪಾತ್ರ ಇದು. ಇದೂ ಹೋದರೆ ನಾನು ಯಾರೂ ಅಲ್ಲ.

ಅದು ಹೋಗುವುದರಲ್ಲಿಯೂ ಇತ್ತು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮ್ಯಾನೇಜರು ವ್ಯಾನಿನ ಹಿಂದೆ ನಿಂತು ಫೋನಿನಲ್ಲಿ ಹೇಳುತ್ತಿದ್ದುದು ಕಿವಿಗೆ ಬಿತ್ತು. “ಇವತ್ತು ಬೆಳಕು ಹೋಗೋದ್ರೊಳಗೆ ಆಗ್ದಿದ್ರೆ ಇನ್ನೊಬ್ರನ್ನೇ ಕರೆಸೋಣ ಸರ್. ಅವ್ರು ಶಿವಮೊಗ್ಗದಲ್ಲೇ ಇದಾರೆ, ಬೆಳಗ್ಗೆ ಬಂದ್ಬಿಡ್ತಾರೆ.” ತಟ್ಟೆ ಅಲ್ಲೇ ಇಟ್ಟು ಇಳಿಜಾರಿನ ಕಡೆ ನಡೆದೆ.

ಇದೆಲ್ಲ ಗೊತ್ತಿಲ್ಲದೆ ಛತ್ರಿಯ ಕೆಳಗೆ ಆರಾಮಾಗಿ ಕೂತಿದ್ದವಳೆಂದರೆ ನನ್ನ ಚಿಕ್ಕಮ್ಮ ಒಬ್ಬಳೇ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಹೊಸನಗರ ಬಸ್‌ಸ್ಟ್ಯಾಂಡಿನ ಹತ್ತಿರ ಅವಳದೊಂದು ಟೈಲರಿಂಗ್ ಅಂಗಡಿ. ನನ್ನ ಬ್ಯಾಲೆ ಶೂಗಳಿಗೆ ರಿಬ್ಬನ್ ಹೊಲಿದುಕೊಡುತ್ತಿದ್ದವಳೂ ಅವಳೇ. ಅಂಗಡಿಗೆ ಬೀಗ ಹಾಕಿ, ಫ್ಲಾಸ್ಕಿನಲ್ಲಿ ಕಷಾಯ ತುಂಬಿಕೊಂಡು, ಶೂಟಿಂಗ್ ನೋಡಲೆಂದು ಬಸ್ಸು ಹತ್ತಿ ಬಂದಿದ್ದಳು.

“ಎಂಥದೇ ಮಾರಾಯ್ತಿ, ಬೀಳಕ್ಕೂ ಟ್ರೈನಿಂಗ್ ಬೇಕನೇ ನಿಂಗೆ?” ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದಳು. ಲೈಟಿನವರು ಕಿಸಕ್ಕನೆ ನಕ್ಕರು. ನಾನು ಕಣ್ಣು ಕೆಕ್ಕರಿಸಿ ನೋಡಿದೆ. ಅವಳು ಕ್ಯಾರೇ ಅನ್ನಲಿಲ್ಲ.

ಬಿಸಿಲು ಕೆಂಪಾಗತೊಡಗಿತು. ಮತ್ತೆ ಓಡಿದೆ, ಮತ್ತೆ ಬಿದ್ದೆ. ಕಾಲು ಜಾರಿದ ಕೂಡಲೆ ನನ್ನ ಮೈ ತಾನೇ ಜವಾಬ್ದಾರಿ ತೆಗೆದುಕೊಂಡುಬಿಡುತ್ತಿತ್ತು. ಭುಜ ಮಡಚಿ, ಸೊಂಟ ಹೊರಳಿಸಿ, ಸದ್ದಿಲ್ಲದೆ ನನ್ನನ್ನು ನೆಲಕ್ಕೊಪ್ಪಿಸುತ್ತಿತ್ತು. ನಿರ್ದೇಶಕರು ಈಗ ವಾಚು ನೋಡಿಕೊಳ್ಳುತ್ತಿದ್ದರು. ಮ್ಯಾನೇಜರು ಮತ್ತೆ ಫೋನು ಕೈಗೆತ್ತಿಕೊಂಡರು. ನಾನು ಇಳಿಜಾರಿನ ಮೇಲ್ತುದಿಗೆ ಹೋಗಿ, ಯಾರಿಗೂ ಕಾಣದ ಹಾಗೆ ಸೆರಗಿನಿಂದ ಕಣ್ಣೊರೆಸಿಕೊಂಡೆ.

ಚಿಕ್ಕಮ್ಮನಿಗೆ ಕಂಡಿತು. ಫ್ಲಾಸ್ಕು ಹಿಡಿದು ಸೀದಾ ಇಳಿಜಾರು ಹತ್ತತೊಡಗಿದಳು. “ಅಮ್ಮಾ, ಅಲ್ಲಿ ಜಾರ್ತದೆ!” ಎಂದು ಯಾರೋ ಕೂಗಿದರು.

“ಗೊತ್ತಪ್ಪ, ನಾನೂ ಇದೇ ಸೀಮೆಯವ್ಳೇ,” ಎಂದಳು, ಬಿದ್ದಳು.

ಧಡ್ ಎಂದಿತು. ಒಂದು ಕಾಲು ಮುಂದೆ ಹೋಯಿತು, ಇನ್ನೊಂದು ಕೆಳಗೆ ಮಡಚಿಕೊಂಡಿತು, ಬಲಗೈ ಊರಲು ಹೋಗಿ ಮೈಯ ಅಡಿಗೆ ಸಿಕ್ಕಿತು. ಫ್ಲಾಸ್ಕು ಉರುಳಿಕೊಂಡು ಹೋಯಿತು. ಅವಳು ಕೂಗಲಿಲ್ಲ. ಎಡಗೈಯಿಂದ ಮೊದಲು ಸೀರೆಯನ್ನು ಮಂಡಿಯ ಕೆಳಗೆ ಎಳೆದುಕೊಂಡಳು, ಯಾರು ಯಾರು ನೋಡಿದರು ಎಂದು ಸುತ್ತ ಕಣ್ಣಾಡಿಸಿದಳು, ಆಮೇಲೆ ಏನೂ ಆಗದವಳಂತೆ ಏಳಲು ಹೊರಟು ಮತ್ತೆ ಕೂತಳು.

“ಇದೇ! ಇದೇ ಬೇಕಾಗಿದ್ದು!” ನಿರ್ದೇಶಕರು ಚಪ್ಪಾಳೆ ತಟ್ಟಿದರು. “ನೋಡಿದ್ರಾ ಮೇಡಂ?”

“ನೋಡಿದೆ ಸರ್,” ಎಂದೆ. ಆಮೇಲೆ ಓಡಿದೆ ಅವಳ ಹತ್ತಿರ.

ಮಣಿಕಟ್ಟು ಆಗಲೇ ಊದತೊಡಗಿತ್ತು. ಮುಟ್ಟಲು ಹೋದರೆ ಕೈ ಹಿಂದಕ್ಕೆಳೆದುಕೊಂಡಳು. ಮುಖ ಬಿಳಿಚಿಕೊಂಡಿತ್ತು. ಹಿಂದಿನಿಂದ ಕ್ಯಾಮೆರಾದವರು “ಇನ್ನು ಹತ್ತು ನಿಮಿಷ ಅಷ್ಟೇ ಬೆಳಕು” ಎಂದರು. ನನಗೆ ಏಳಲೂ ಆಗಲಿಲ್ಲ, ಕೂರಲೂ ಆಗಲಿಲ್ಲ.

“ಹೋಗೇ,” ಎಂದಳು ಚಿಕ್ಕಮ್ಮ. “ಬೆಳಗ್ಗಿಂದ ಒದ್ದಾಡ್ತಿದೀಯ. ನಂಗೇನೂ ಆಗಿಲ್ಲ. ಹೋಗು ಅಂದ್ನಲ್ಲ!”

ಹೋದೆ. ಅವಳನ್ನು ಬದಿಗೆ ಕೂರಿಸಿದರು. ನಾನು ಓಡಿ ಬಂದು ಅವಳು ಬಿದ್ದ ಜಾಗದಲ್ಲಿಯೇ, ಅವಳು ಬಿದ್ದ ಹಾಗೆಯೇ ಬಿದ್ದೆ. ಧಡ್ ಎಂದಿತು. ಸೀರೆ ಎಳೆದುಕೊಂಡೆ, ಸುತ್ತ ನೋಡಿದೆ, ಎದ್ದು ಓಡಿದೆ. ಓಕೆ ಎಂದರು. ಇಡೀ ಯೂನಿಟ್ಟು ಚಪ್ಪಾಳೆ ತಟ್ಟಿತು. ಖುಷಿಗೆ ನಾನೂ ಕೆಸರುಗೈಯಲ್ಲೇ ಚಪ್ಪಾಳೆ ತಟ್ಟಿದೆ.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಮೂಳೆ ಎರಡು ಕಡೆ ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಕೈ ನೋಡಲು ಸರಿಯಾಗಿಯೇ ಇತ್ತು, ಆದರೆ ದೊಡ್ಡ ಕತ್ತರಿ ಹಿಡಿಯಲು ಆಗುತ್ತಿರಲಿಲ್ಲ. ಬಟ್ಟೆ ಕತ್ತರಿಸುವುದಕ್ಕೆ ಈಗ ಬೇರೊಬ್ಬಳು ಬರುತ್ತಾಳೆ. ಚಿಕ್ಕಮ್ಮ ಗುಂಡಿ, ಹುಕ್ಕು ಹಚ್ಚುತ್ತ ಕೂರುತ್ತಾಳೆ. ಒಂದು ದಿನವೂ ನನಗೆ ಒಂದು ಮಾತು ಅಂದವಳಲ್ಲ.

ಸಿನಿಮಾ ಬಂದಾಗ ಸಾಗರದ ಥಿಯೇಟರಿಗೆ ಅವಳನ್ನು ಕರೆದುಕೊಂಡು ಹೋದೆ. ಆ ಇಳಿಜಾರು ಬಂತು. ಪರದೆಯ ಮೇಲೆ ನಾನು ಓಡಿ ಬಂದೆ. ಬಿದ್ದೆ. ಇಡೀ ಥಿಯೇಟರು “ಅಯ್ಯೋ!” ಎಂದಿತು. ಹಿಂದಿನ ಸಾಲಿನ ಹೆಂಗಸೊಬ್ಬಳು ಲೊಚಗುಟ್ಟಿ “ಅಯ್ಯೋ ಪಾಪ” ಎಂದಳು. ನನಗೆ ಕಣ್ಣು ತುಂಬಿಬಂತು, ಗೆದ್ದೆ ಅನ್ನಿಸಿತು. ಚಿಕ್ಕಮ್ಮನ ಕಡೆ ತಿರುಗಿದೆ.

ಅವಳು ಪರದೆ ನೋಡುತ್ತ, ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಮೆಲ್ಲಗೆ ನೀವಿಕೊಳ್ಳುತ್ತಿದ್ದಳು.

“ಇಷ್ಟೊಂದು ಜನ ಅಯ್ಯೋ ಅಂದ್ರಲ್ಲೇ,” ಎಂದಳು. “ನಾ ಬಿದ್ದಾಗ ಒಬ್ರೂ ಅನ್ಲಿಲ್ಲ.”

ದೂರುವ ದನಿ ಅಲ್ಲ ಅದು. ಸುಮ್ಮನೆ ನೆನಪಾಗಿ ಹೇಳಿದಳು.

“ಅಯ್ಯೋ ಚಿಕ್ಕಮ್ಮಾ,” ಎಂದೆ. ಮುಂದಿನ ಸಾಲಿನವರು ತಿರುಗಿ ನೋಡಿದರು.

“ಈಗ ಎಂಥ ಅಯ್ಯೋನೇ?” ಎಂದಳು. “ಸುಮ್ನೆ ಸಿನಿಮಾ ನೋಡು.”