ನಸೀಮನ ಕಿವಿ, ನನ್ನ ಬಕೆಟ್ಟು

ನಲ್ಲಿ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮುಂದೆ ಆದದ್ದಕ್ಕೆಲ್ಲ ಇದೇ ಮೂಲ. ತೊಳೆದಿಟ್ಟ ಲೋಟವನ್ನು ಮತ್ತೊಮ್ಮೆ ತೊಳೆಯದೆ ನನಗೆ ನೀರು ಗಂಟಲಲ್ಲಿ ಇಳಿಯದು. ಚಿಕ್ಕಂದಿನಲ್ಲಿ ಉಳ್ಳಾಲದ ಮನೆಯಲ್ಲಿ ನಾನು ನಮಾಜಿಗೆ ಮೊದಲು ಅಂಗಸ್ನಾನ ಮಾಡುವಾಗ ಬಾಪ, ನನ್ನ ಅಪ್ಪ, ಹಿಂದೆ ನಿಂತು ಎಣಿಸುತ್ತಿದ್ದರು. ಕೈ ಮೂರು ಸಲ, ಮುಖ ಮೂರು ಸಲ, ಕಾಲು ಮೂರು ಸಲ. ನಾಲ್ಕನೆಯದಕ್ಕೆ ಕೈ ಹೋದರೆ ತಂಬಿಗೆ ಕಸಿದುಕೊಳ್ಳುವರು. ಇನ್ನು ನೀನು ತೊಳೆಯುವುದು ಕೊಳೆಯನ್ನಲ್ಲ, ನಿನ್ನ ಸಂಶಯವನ್ನು ಎನ್ನುವರು. ಆಗ ಅದು ನೀರಿನ ಜಿಪುಣತನ ಎಂದುಕೊಂಡಿದ್ದೆ.

ಈಗ ಅರಬರ ನಾಡಿನ ಇಬ್ರಾ ಊರಿನಲ್ಲಿ ನಾನು ನೋಡಿಕೊಳ್ಳುವುದು ಅರ್ಬಾಬನ ಪಶು ಆಹಾರದ ಅಂಗಡಿ. ಅರ್ಬಾಬ್ ಎಂದರೆ ನನ್ನ ಯಜಮಾನ, ನನ್ನ ವೀಸಾಕ್ಕೆ ಹೊಣೆ ನಿಂತ ಕಫೀಲನೂ ಅವನೇ. ಅಂಗಡಿಯ ಹಿಂದೆ ಅವನ ತೋಟ, ತೋಟದಲ್ಲಿ ಲಾಯ, ಲಾಯದಲ್ಲಿ ನಸೀಮ್. ನಸೀಮ್ ಬೀಜ ತೆಗೆಸಿದ ಗಂಡುಕುದುರೆ, ಬೂದು ಬಣ್ಣ, ಸಾಧು. ಅರ್ಬಾಬನ ಎಂಟು ವರ್ಷದ ಮೊಮ್ಮಗಳು ಪ್ರತಿ ಶುಕ್ರವಾರ ಸಂಜೆ ಅದರ ಮೇಲೆ ಕೂರುತ್ತಾಳೆ. ಕುದುರೆ ನೋಡಿಕೊಳ್ಳುತ್ತಿದ್ದ ಪಾಕಿಸ್ತಾನದ ನವಾಜ್ ಆರು ತಿಂಗಳ ರಜೆಯಲ್ಲಿ ಊರಿಗೆ ಹೊರಟಾಗ ಬ್ರಷ್ಷು, ಬಕೆಟ್ಟು ನನ್ನ ಪಾಲಿಗೆ ಬಂದವು. ಬೂಸಾ ಮಾರುವವನಿಗೆ ಬೂಸಾ ತಿನ್ನುವವರ ವಿಷಯ ಗೊತ್ತಿರುತ್ತದೆ ಎಂದು ಅರ್ಬಾಬನ ಲೆಕ್ಕಾಚಾರ.

ನವಾಜ್ ಹೋಗುವ ಮೊದಲು ಪಾಠ ಹೇಳಿದ್ದ. ಮೊದಲು ಕಿವಿ ನೋಡು, ಆಮೇಲೆ ಬಾಲ, ಆಮೇಲೆ ಹಿಂಗಾಲು. ಕಿವಿ ಪಕ್ಕಕ್ಕೆ ಸಡಿಲಾಗಿದ್ದರೆ ಕುದುರೆ ಆರಾಮಾಗಿದೆ, ತಲೆಗೆ ಅಂಟಿಕೊಂಡಂತೆ ಹಿಂದಕ್ಕೆ ಹೋದರೆ ನೀನೂ ಹಿಂದಕ್ಕೆ ಹೋಗು. ಕೊನೆಗೆ ದನಿ ತಗ್ಗಿಸಿ, ಕೆಳಗಿನ ಜಾಗವನ್ನೂ ಯಾವಾಗಲಾದರೂ ನೋಡಬೇಕು ಎಂದ. ಮೂತ್ರದಂಗವನ್ನು ಮುಚ್ಚಿಕೊಂಡಿರುವ ತೊಗಲಿನ ಚೀಲದ ಮಾತು ಅದು. ಅಲ್ಲಿ ಜಿಡ್ಡು ಕಟ್ಟಿಕೊಳ್ಳುತ್ತದಂತೆ. ಯಾವಾಗಲಾದರೂ ಎಂದರೆ ಎಷ್ಟು ದಿನಕ್ಕೆ ಎಂದು ಕೇಳಲು ನನಗೆ ಸಂಕೋಚವಾಯಿತು, ಹೇಳಲು ಅವನಿಗೂ ಸಂಕೋಚವಾಯಿತು. ಐವತ್ತು ದಾಟಿದ ಇಬ್ಬರು ಗಂಡಸರು ಆಕಾಶ ನೋಡುತ್ತ ಆ ವಿಷಯ ಮುಗಿಸಿದೆವು.

ಮೊದಲ ವಾರವೇ ಕೈಗವಸು ತೊಟ್ಟು ನೋಡಿದೆ. ಕಪ್ಪು ಹೊಪ್ಪಳೆಯಂಥ ಕೊಳೆ ಕೈಗೆ ಬಂತು. ಅಷ್ಟು ಸಾಕಾಯಿತು ನನಗೆ. ಇಷ್ಟು ದಿನ ಪಾಪದ ಪ್ರಾಣಿ ಹೇಗೆ ಸಹಿಸಿಕೊಂಡಿತ್ತೋ ಎಂದು ಮರುಗಿ, ಊರಿನಿಂದ ತಂದಿದ್ದ ಔಷಧದ ಸೋಪು ಹಾಕಿ ತೊಳೆದೆ. ಮುಂದಿನ ಶುಕ್ರವಾರವೂ ತೊಳೆದೆ. ನಾನು ಜುಮಾ ನಮಾಜಿಗೆ ಮಿಂದು ಹೋಗುವ ದಿನ ಅದು ಕೊಳಕಾಗಿರುವುದೇ? ಹೀಗೆ ಹನ್ನೆರಡು ಶುಕ್ರವಾರ.

ಇಷ್ಟರೊಳಗೆ ನಸೀಮ್ ಬದಲಾಗಿತ್ತು. ಕುತ್ತಿಗೆ ಉಜ್ಜುವಾಗ ಕೆಳತುಟಿ ಜೋಲುಬಿಟ್ಟು ನಿಲ್ಲುತ್ತಿದ್ದ ಪ್ರಾಣಿ ನನ್ನ ಬಕೆಟ್ಟು ಕಣಕಣ ಎಂದರೆ ಸಾಕು, ಕಿವಿ ಹಿಂದಕ್ಕೆ ಒತ್ತುತ್ತಿತ್ತು. ನಾನು ಅದನ್ನು ಪೊಗರು ಎಂದುಕೊಂಡೆ. ನವಾಜನ ಪಾಠ ನೆನಪಿತ್ತು, ಆದರೆ ಕಿವಿಯ ಮಾತು ನನ್ನ ಬಗ್ಗೆ ಇರಬಹುದೆಂದು ಹೊಳೆಯಲಿಲ್ಲ. ಹನ್ನೆರಡನೆಯ ಶುಕ್ರವಾರ ಸಂಜೆ ಜೀನಿನ ಪಟ್ಟಿ ಬಿಗಿಯುವಾಗ ಅದು ಹೊಟ್ಟೆಗೆ ತಗಲಿತು, ನಸೀಮ್ ಒದೆಯಿತು. ಗೊರಸು ಪಕ್ಕದಲ್ಲಿ ಕಾಯುತ್ತ ನಿಂತಿದ್ದ ಹುಡುಗಿಯ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿ ಗಾಳಿ ಸೀಳಿತು. ಅರ್ಬಾಬ್ ಬೈಯಲಿಲ್ಲ. ಗುರುವಾರ ಡಾಕ್ಟರು ಬಂದು ನೋಡಲಿ, ಸ್ವಭಾವವೇ ಕೆಟ್ಟಿದ್ದರೆ ಶನಿವಾರ ಬುರೈಮಿಯ ವ್ಯಾಪಾರಿಯ ಲಾರಿಗೆ ಹತ್ತಿಸುವುದು ಎಂದ. ಲಾರಿಗೆ ಫೋನು ಮಾಡಿದವನೂ ನಾನೇ.

ಆ ವಾರ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಮಕ್ಕಳು ಊರಲ್ಲಿ. ಇಲ್ಲಿ ದಿನಕ್ಕೆರಡು ಸಲ ನನ್ನ ಹೆಜ್ಜೆ ಕೇಳಿ ಮುಖ ತಿರುಗಿಸಿ ನೋಡುವ ಜೀವ ಇದೊಂದೇ.

ಗುರುವಾರ ಡಾಕ್ಟರ್ ಐರಿನ್ ಬಂದರು. ನಮ್ಮ ಕರಾವಳಿಯ ಶಿರ್ವದವರು, ತಿಂಗಳಿಗೊಮ್ಮೆ ಈ ಕಡೆಯ ಲಾಯಗಳನ್ನು ಸುತ್ತುತ್ತಾರೆ. ದಿನಾ ಮಾಡುವಂತೆ ಮಾಲೀಶು ಮಾಡಿ, ನಾನು ಬರೀ ನೋಡುತ್ತೇನೆ ಎಂದರು. ಬೇಲಿಯಾಚೆ ಅರ್ಬಾಬ್ ಕೈಕಟ್ಟಿ ನಿಂತಿದ್ದ. ಕುತ್ತಿಗೆ ಉಜ್ಜಿದೆ, ಕಿವಿ ಸಡಿಲಾಯಿತು. ಬೆನ್ನು ಉಜ್ಜಿದೆ, ಕಣ್ಣು ಅರೆಮುಚ್ಚಿತು. ಹೊಟ್ಟೆಯ ಕಡೆ ಇಳಿದೆ. ಚರ್ಮ ನಡುಗಿತು, ಬಾಲ ಛಟೀರೆಂದು ನನ್ನ ಬೆನ್ನಿಗೆ ಬಿತ್ತು. ಕುದುರೆಗೆ ಕಣ್ಣು ತಲೆಯ ಎರಡು ಪಕ್ಕ ಇರುವುದರಿಂದ ಅದು ಸುತ್ತಲಿನ ಬಹುಪಾಲು ಜಗತ್ತನ್ನು ನೋಡಬಲ್ಲದು, ತನ್ನ ಹೊಟ್ಟೆಯ ಕೆಳಗನ್ನು ಮಾತ್ರ ನೋಡಲಾರದು. ಅಲ್ಲಿ ಬರುವ ಕೈ ಯಾರದೆಂದು ನಂಬಿಕೆಯಿಂದಲೇ ತಿಳಿಯಬೇಕು. ಹಿಂಗಾಲು ನೆಲ ಬಿಟ್ಟು ಮೇಲೆದ್ದಿತು, ಹಾಗೇ ತೂಗಿ ನಿಂತಿತು.

ಡಾಕ್ಟರು ನನ್ನನ್ನು ಸರಿಸಿ, ಕುದುರೆಯ ಭುಜಕ್ಕೆ ಒತ್ತಿ ಬಾಲದ ಕಡೆ ಮುಖಮಾಡಿ ನಿಂತರು. ಒಂದು ಕೈ ಬೆನ್ನ ಮೇಲೆ ಇಟ್ಟೇ ಇನ್ನೊಂದನ್ನು ನಿಧಾನವಾಗಿ ಕೆಳಗಿಳಿಸಿ, ಬಗ್ಗಿ ನೋಡಿದರು.

"ಇಲ್ಲಿ ಪೂರ ಬಾತು ಕೆಂಪಾಗಿದೆಯಲ್ಲ ಹಮೀದಾಕ. ಎಷ್ಟು ದಿನಕ್ಕೊಮ್ಮೆ ತೊಳೆಯುದು ನೀವು?"

ಕನ್ನಡದಲ್ಲಿ ಕೇಳಿದ್ದರು. ಅರ್ಬಾಬನಿಗೆ ಒಂದಕ್ಷರ ತಿಳಿಯದು. ನವಾಜ್ ಹೋದಮೇಲೆ ಮುಟ್ಟಿಯೇ ಇಲ್ಲ ಎಂದುಬಿಡಬಹುದಿತ್ತು. ಶನಿವಾರ ಲಾರಿ ಬಂದರೆ ಕುದುರೆಯ ಜೊತೆ ನನ್ನ ತಪ್ಪೂ ಬುರೈಮಿ ಸೇರುತ್ತಿತ್ತು. ಬೇಲಿಯಾಚೆ ನನ್ನ ವೀಸಾ ಕೈಕಟ್ಟಿ ನಿಂತಿತ್ತು. ಅಷ್ಟರಲ್ಲಿ ನಸೀಮ್ ಕುತ್ತಿಗೆ ತಿರುಗಿಸಿ, ಒಂದು ಕಿವಿಯನ್ನು ನನ್ನ ಕಡೆ ಹೊರಳಿಸಿತು. ನನಗೆ ನಾಚಿಕೆಯಾಯಿತು.

"ಪ್ರತಿ ವಾರ. ಸೋಪು ಹಾಕಿ," ಎಂದೆ.

"ಅಯ್ಯೋ ಮಾರಾಯ್ರೆ, ವರ್ಷಕ್ಕೆ ಒಂದೆರಡು ಸಲ ಬೆಚ್ಚಗಿನ ನೀರು ಸಾಕು ಅದಕ್ಕೆ. ಇದು ಒದ್ದದ್ದಲ್ಲ, ನೋವಾಗ್ತದೆ ಅಂತ ಹೇಳಿದ್ದು. ಮೊದಲೇ ಸುಮಾರು ಸಲ ಹೇಳಿರ್ತದೆ."

ಡಾಕ್ಟರು ಅರ್ಬಾಬನ ಕಡೆ ತಿರುಗುವ ಮೊದಲೇ ನಾನು ನನ್ನ ಹರಕು ಅರಬಿಯಲ್ಲಿ ಅರ್ಬಾಬನಿಗೆ ಎಲ್ಲವನ್ನೂ ಹೇಳಿದೆ, ಹನ್ನೆರಡು ಶುಕ್ರವಾರಗಳನ್ನೂ ಸೇರಿಸಿ. ಅವನು ಬೇಲಿ ದಾಟಿ ಒಳಗೆ ಬಂದ. ಆಮೇಲೆ ಲಾಯದ ಕಿಟಕಿಯಲ್ಲಿದ್ದ ಸೋಪನ್ನು ಎತ್ತಿ ತನ್ನ ಬಿಳಿ ನಿಲುವಂಗಿಯ ಜೇಬಿಗೆ ಹಾಕಿಕೊಂಡ. "ಖಲಾಸ್," ಎಂದ. ನನ್ನ ಕೆಲಸ ಖಲಾಸೋ ಲಾರಿ ಖಲಾಸೋ ಎಂದು ನಾನು ಲೆಕ್ಕ ಹಾಕುತ್ತಿರುವಾಗ, ಬುರೈಮಿಗೆ ಫೋನು ಮಾಡಿ ಬರಬೇಡ ಎಂದು ಹೇಳು ಎಂದ.

ಮುಲಾಮಿಗೆ ಬಾವು ಎರಡು ವಾರದಲ್ಲಿ ಇಳಿಯಿತು. ನಂಬಿಕೆಗೆ ಇನ್ನೂ ಒಂದು ತಿಂಗಳು ಹಿಡಿಯಿತು. ಕುಡಿಯುವ ನೀರಿನ ಬಕೆಟ್ಟು ತಂದರೂ ಕಿವಿ ಹಿಂದಕ್ಕೆ ಹೋಗುತ್ತಿತ್ತು, ನಾನು ಬಕೆಟ್ಟು ಕೆಳಗಿಟ್ಟು ಸುಮ್ಮನೆ ಭುಜದ ಪಕ್ಕ ನಿಲ್ಲುತ್ತಿದ್ದೆ. ಈಗ ಹುಡುಗಿ ಮತ್ತೆ ಸವಾರಿ ಮಾಡುತ್ತಾಳೆ.

ಮೊನ್ನೆ ಲಾಯದ ನಲ್ಲಿಯಲ್ಲೇ ಸಂಜೆಯ ನಮಾಜಿಗೆ ಕೈಕಾಲು ತೊಳೆಯುತ್ತಿದ್ದೆ. ನಸೀಮ್ ಅರೆಬಾಗಿಲಿನ ಮೇಲಿಂದ ನೋಡುತ್ತಿತ್ತು. ಮೂರು ಸಲ ಆಯಿತು. ಅಭ್ಯಾಸಬಲ, ಕೈ ನಾಲ್ಕನೆಯದಕ್ಕೆ ಹೋಯಿತು. ಅದರ ಕಿವಿ ಮೆಲ್ಲಗೆ ಹಿಂದಕ್ಕೆ ಸರಿಯಿತು. ನಾನು ನಲ್ಲಿ ನಿಲ್ಲಿಸಿದೆ, ಕಿವಿ ಮುಂದಕ್ಕೆ ಬಂತು. ಬಾಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತು, ಹಿಂದೆ ನಿಂತು ಎಣಿಸುವವರು ನನಗೆ ಮತ್ತೆ ಸಿಕ್ಕಿದ್ದಾರೆ.